ಶಿರಾದ ತೋಟ ಹೋಯಿತು, ಲಾಲ್‌ಬಾಗ್ ಉಳಿಯಿತು: ನಮ್ಮೂರ ಪಾರ್ಕಿಗೆ ಒಂದು ಪಾಠ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಸುದ್ದಿಗಾಗಿ ಇಲ್ಲಿ ಸುತ್ತುವಾಗ ನಮಗೆ ಒಂದೇ ನೋಟ ಮತ್ತೆ ಮತ್ತೆ ಸಿಗುತ್ತದೆ. ತುಕ್ಕು ಹಿಡಿದ ಗೇಟು, ಅದಕ್ಕೊಂದು ಬೀಗ. ಒಳಗೆ ಸೊಂಟದೆತ್ತರ ಬೆಳೆದ ಕಾಂಗ್ರೆಸ್ ಗಿಡ, ಸರಪಳಿ ಹರಿದ ಜೋಕಾಲಿ. ಒಂದು ಮೂಲೆಯಲ್ಲಿ ಸಿಮೆಂಟಿನ ಎತ್ತರದ ಕಟ್ಟೆ, ಗೋಡೆಯ ಮೇಲೆ ಅಳಿಸಿಹೋದ ಅಕ್ಷರದಲ್ಲಿ 'ಬಯಲು ರಂಗಮಂದಿರ'. ಆ ಕಟ್ಟೆಯ ಮೇಲೆ ನಾಟಕ ನಡೆದು ಎಷ್ಟು ವರ್ಷವಾಯಿತೆಂದು ಕೇಳಿದರೆ ಜನ ನೆನಪು ಮಾಡಿಕೊಳ್ಳಬೇಕು. ಗಟ್ಟಿಯಾಗಿ ಉಳಿದಿರುವುದು ಉದ್ಘಾಟನೆಯ ಕಲ್ಲು ಮಾತ್ರ.

ಇಂಥ ಜಾಗ ಕಂಡಾಗ 'ದುಡ್ಡಿಲ್ಲ, ಅದಕ್ಕೇ ಹೀಗೆ' ಎನ್ನುವುದು ಸುಲಭ. ಆದರೆ ನಮ್ಮ ನೆಲದ ಇತಿಹಾಸವೇ ಬೇರೆ ಮಾತು ಹೇಳುತ್ತದೆ. ಅದನ್ನು ತಿಳಿಯಲು ಬೆಂಗಳೂರಿನಿಂದಲ್ಲ, ಶಿರಾದಿಂದ ಶುರು ಮಾಡಬೇಕು.

ಖಾನ್ ಬಾಗ್ ಎಂಬ ತೋಟ

ಶಿರಾ ಕೋಟೆಗೆ ಅಡಿಪಾಯ ಹಾಕಿದವನು ಕಸ್ತೂರಿ ರಂಗಪ್ಪ ನಾಯಕ. 1638ರ ಹೊತ್ತಿಗೆ ಊರು ಬಿಜಾಪುರದ ವಶವಾಯಿತು. 1687ರಲ್ಲಿ ಮೊಗಲರು ಬಂದರು. ಆಮೇಲೆ ಹತ್ತಿರ ಹತ್ತಿರ 70 ವರ್ಷ ಶಿರಾ ಒಂದು ಮೊಗಲ್ ಸುಬಾದ ರಾಜಧಾನಿ. ಇವತ್ತು ಹೆದ್ದಾರಿಯಲ್ಲಿ ಬಸ್ಸು ಐದು ನಿಮಿಷ ನಿಂತು ಹೋಗುವ ಊರಿನಿಂದ ಆಗ ಒಂದು ದೊಡ್ಡ ಸೀಮೆಯ ಆಡಳಿತ ನಡೆಯುತ್ತಿತ್ತು.

ಸುಬೇದಾರರಲ್ಲಿ ಹೆಸರಾದವನು ದಿಲಾವರ್ ಖಾನ್. ಅವನ ಕಾಲದಲ್ಲಿ ಶಿರಾದಲ್ಲಿ 50,000 ಮನೆಗಳಿದ್ದವೆಂಬ ಮಾತನ್ನು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಸಂಖ್ಯೆ ಸ್ವಲ್ಪ ಉಬ್ಬಿರಬಹುದು, ಊರು ದೊಡ್ಡದಾಗಿತ್ತು ಎಂಬುದಂತೂ ನಿಜ. ದಿಲಾವರ್ ಖಾನ್ ಇಲ್ಲೊಂದು ಅರಮನೆ ಕಟ್ಟಿಸಿದ. ಬೆಂಗಳೂರು ಮತ್ತು ಶ್ರೀರಂಗಪಟ್ಟಣದಲ್ಲಿ ಹೈದರ್ ಅಲಿ, ಟಿಪ್ಪು ಸುಲ್ತಾನ್ ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿ ಎನ್ನುತ್ತದೆ ಗೆಜೆಟಿಯರ್. ಶಿರಾದಲ್ಲಿ ಖಾನ್ ಬಾಗ್ ಎಂಬ ತೋಟವೂ ಇತ್ತು. ಬೆಂಗಳೂರಿನ ಲಾಲ್‌ಬಾಗ್‌ಗೆ ಪ್ರೇರಣೆ ಆ ತೋಟವೇ ಇರಬಹುದು ಎಂದೂ ಅದೇ ಗೆಜೆಟಿಯರ್ ಹೇಳುತ್ತದೆ.

'ಇರಬಹುದು' ಎಂಬ ಪದವನ್ನು ನಾವು ಬಿಟ್ಟುಬಿಡಬಾರದು. ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಶಿರಾ ಹೈದರನ ಕೈಗೆ ಬಂದದ್ದು 1761ರಲ್ಲಿ. ಹಾಗಾಗಿ ಗೆದ್ದ ಮೇಲೆ ನೋಡಿ ನಕಲು ಮಾಡಿದ ಎನ್ನಲು ಬರುವುದಿಲ್ಲ. ಆದರೆ ಶಿರಾ ಅವನ ಕೈಸೇರುವ ಎಷ್ಟೋ ಮೊದಲೇ ಹೆಸರುವಾಸಿ ಊರು. ಅದರ ತೋಟದ ಸುದ್ದಿ ಬೆಂಗಳೂರು ಮುಟ್ಟಲು ದಂಡೇ ಬರಬೇಕೆಂದಿಲ್ಲ.

ಇನ್ನು ಆ ಖಾನ್ ಬಾಗ್‌ನ ಗತಿ ಏನಾಯಿತು? ಶಿರಾದ ಮೇಲೆ ಮರಾಠರು, ಮೊಗಲರು, ಹೈದರ್ ಒಬ್ಬರ ಮೇಲೊಬ್ಬರು ಕೈ ಹಾಕಿದರು. ಕೊನೆಗೆ ಬಿದ್ದ ದೊಡ್ಡ ಪೆಟ್ಟು ಟಿಪ್ಪುವಿನದು. ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಎಂಬ ಹೊಸ ಪೇಟೆ ತುಂಬಿಸಲು ಅವನು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದ ಎಂದು ದಾಖಲೆಯಿದೆ. ನೇಕಾರ, ಅಂಗಡಿಯವ, ತೋಟದ ಆಳು ಹೊರಟುಹೋದ ಊರಿನಲ್ಲಿ ಗಿಡಕ್ಕೆ ನೀರು ಎತ್ತುವವರು ಯಾರು? 1651ರಲ್ಲಿ ತೀರಿಕೊಂಡ ಸುಬೇದಾರ ಮಲಿಕ್ ರಿಹಾನನ ಗೋರಿ ಇಂದಿಗೂ ನಿಂತಿದೆ. 1696ರ ಜುಮ್ಮಾ ಮಸೀದಿಯೂ ನಿಂತಿದೆ. ಕಲ್ಲು ಕಾಯುತ್ತದೆ. ಗಿಡ ಕಾಯುವುದಿಲ್ಲ, ಒಂದು ಬೇಸಿಗೆ ನೀರು ತಪ್ಪಿದರೆ ಅದರ ಕಥೆ ಮುಗಿಯಿತು.

ಲಾಲ್‌ಬಾಗ್ ಕೂಡ ಪಾಳುಬಿದ್ದಿತ್ತು

ಲಾಲ್‌ಬಾಗ್ ರಾಜಧಾನಿಯಲ್ಲಿತ್ತು, ಅದಕ್ಕೇ ಉಳಿಯಿತು ಎಂದುಕೊಳ್ಳಬೇಡಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದೂ ಕೈಯಿಂದ ಕೈಗೆ ಹೋಯಿತು. 1836ರಲ್ಲಿ ಒಂದು ಕೃಷಿ ಮತ್ತು ತೋಟಗಾರಿಕೆ ಸಂಘಕ್ಕೆ ಒಪ್ಪಿಸಿದರು. 1842ರಲ್ಲಿ ಆ ಸಂಘವೇ ಮುಚ್ಚಿತು. ಮುಂದಿನ ಹದಿನಾಲ್ಕು ವರ್ಷ ಲಾಲ್‌ಬಾಗ್ ಹೇಳುವವರು ಕೇಳುವವರು ಇಲ್ಲದೆ ಬಿದ್ದಿತ್ತು. ಇವತ್ತು ನಮ್ಮೂರ ಪಾರ್ಕು ಇರುವ ಹಾಗೆಯೇ.

1856ರಲ್ಲಿ ಸಸ್ಯಶಾಸ್ತ್ರಜ್ಞ ಹ್ಯೂ ಕ್ಲೆಗಾರ್ನ್ ಅವರ ಸಲಹೆಯಂತೆ ಅದನ್ನು ಸರ್ಕಾರಿ ಸಸ್ಯತೋಟ ಮಾಡಿದರು. ಆಗ ಮಾಡಿದ ಮುಖ್ಯ ಕೆಲಸ ಹೊಸ ಗೇಟು ನಿಲ್ಲಿಸಿದ್ದಲ್ಲ. ತೋಟಕ್ಕೆಂದೇ ಒಬ್ಬ ಸಂಬಳದ ಮೇಲ್ವಿಚಾರಕನನ್ನು ನೇಮಿಸಿದರು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ ಬಂದರು. 1874ರಿಂದ ಜಾನ್ ಕ್ಯಾಮರಾನ್, 1908ರಿಂದ ಕ್ರುಂಬಿಗಲ್, ಆಮೇಲೆ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಅಂದರೆ ತೋಟಗಾರ ಬಂದು ಮೂವತ್ತು ವರ್ಷ ಕಳೆದ ಮೇಲೆ. ಮೊದಲು ಮಾಲಿ, ಆಮೇಲೆ ಕಟ್ಟಡ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕಾಂಪೌಂಡು, ಕಮಾನು, ಕಲ್ಲುಬೆಂಚು ಎಲ್ಲಕ್ಕೂ ಬಿಲ್ಲು ಪಾಸಾಗುತ್ತದೆ, ತಿಂಗಳ ಸಂಬಳದ ಮಾಲಿಗೆ ಮಾತ್ರ ದುಡ್ಡಿರುವುದಿಲ್ಲ.

ಇನ್ನೊಂದು ಸಂಗತಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಜನ ಬರುವುದಕ್ಕೆ ವರ್ಷಕ್ಕೆ ಎರಡು ಗಟ್ಟಿ ನೆಪ ಇದ್ದರೆ ತೋಟ ಒಣಗಿದಾಗ ಬೈಯುವವರೂ ಇರುತ್ತಾರೆ.

ಕಟ್ಟೆಯ ಕಥೆ

ಪಾರ್ಕಿನ ಮೂಲೆಯ ರಂಗಮಂದಿರಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮ ಸೀಮೆಯ ಹಳೆಯ ಬಯಲಾಟ ಮೂಡಲಪಾಯ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಅದನ್ನು ಆಳವಾಗಿ ಅಧ್ಯಯನ ಮಾಡಿದ್ದಾರೆ. ಭಾಗವತ, ಮದ್ದಳೆ, ತಾಳ, ಮುಖವೀಣೆ. ಕಿರೀಟ, ಭುಜಕೀರ್ತಿ ತೊಟ್ಟು ಬೆಳಗಿನ ಜಾವದವರೆಗೆ ಕುಣಿತ. ಸುಗ್ಗಿ ಮುಗಿದ ಮೇಲೆ ಊರಿನವರೇ ಕಂಬ ನೆಟ್ಟು, ಹಲಗೆ ಹಾಸಿ ಅಟ್ಟ ಕಟ್ಟುತ್ತಿದ್ದರು. ಆಟ ಮುಗಿದರೆ ಬಿಚ್ಚಿಡುತ್ತಿದ್ದರು.

ಆಮೇಲೆ ಕಂಪನಿ ನಾಟಕಗಳು ಬಂದವು. ನಮ್ಮದೇ ಜಿಲ್ಲೆಯ ಗುಬ್ಬಿಯ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ, 1930ರ ದಶಕದ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದಿತು. ಅದರ ಗುಂಗು ನಮ್ಮ ಹಳ್ಳಿಗಳನ್ನು ಇನ್ನೂ ಬಿಟ್ಟಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿ, ಕೈಯಿಂದ ದುಡ್ಡು ಹಾಕಿ ಕೃಷ್ಣ, ದುರ್ಯೋಧನರ ಪಾರ್ಟು ಮಾಡುವವರು ಇಂದಿಗೂ ಇದ್ದಾರೆ. ಗಡಿಯ ಪಾವಗಡದಲ್ಲಿ ಕನ್ನಡದ ಜೊತೆಗೆ ತೆಲುಗು ಪದ್ಯಗಳೂ ಕೇಳಿಸುತ್ತವೆ.

ಆಗ ಅಟ್ಟ ತಾತ್ಕಾಲಿಕ, ಆಟದ ರೂಢಿ ಖಾಯಂ. ಈಗ ಅಟ್ಟ ಸಿಮೆಂಟಿನದು, ಆಟ ಬೇರೆಲ್ಲೋ ಬಾಡಿಗೆ ಸ್ಟೇಜಿನ ಮೇಲೆ. ಕಾರಣ ಹುಡುಕಲು ತಜ್ಞರು ಬೇಕಾಗಿಲ್ಲ. ಕಟ್ಟೆಗೆ ಕರೆಂಟಿಲ್ಲ, ಬಣ್ಣ ಹಚ್ಚಲು ಕೋಣೆಯಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ. ಪಾತ್ರ ಮಾಡುವವರನ್ನು ಒಂದು ಮಾತು ಕೇಳಿ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಬಳಕೆಯೇ ಮೊದಲು ಎಂಬುದಕ್ಕೆ ಬೆಂಗಳೂರಿನ ಒಂದು ಉದಾಹರಣೆ ಇದೆ. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಒಳಗಿನ ವೇದಿಕೆ ಬಿಟ್ಟು ಹೊರಗಿನ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿದರು. ಇವತ್ತು ಕಲಾಕ್ಷೇತ್ರದ ಹಿಂದೆ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ ಇದೆ.

ಇನ್ನು ನಮ್ಮ ಕೆಲಸ

ಪಾವಗಡದಲ್ಲಿ 'ಪಾರ್ಕು' ಎಂದರೆ ಜನ ತಿರುಮಣಿಯ ಸೋಲಾರ್ ಪಾರ್ಕು ಎಂದೇ ತಿಳಿಯುತ್ತಾರೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಅಷ್ಟು ಜಾಗ ವಿದ್ಯುತ್ತಿಗೆ ಸಿಕ್ಕಿದ ತಾಲ್ಲೂಕಿನಲ್ಲಿ ಮಕ್ಕಳು ಓಡಾಡಲು, ಮುದುಕರು ಕೂರಲು ಒಂದೆರಡು ಎಕರೆ ನೆರಳು ಕೇಳುವುದು ಅತಿಯಾಸೆಯಲ್ಲ.

ಕಾನೂನೂ ನಮ್ಮ ಪರವಾಗಿದೆ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಪಟ್ಟಣದ ಇಂಥ ಜಾಗಗಳ ಪಟ್ಟಿ, ನಕ್ಷೆ ಮಾಡಿಡಬೇಕೆಂದು ಅದು ಹೇಳುತ್ತದೆ. ಪಟ್ಟಿಯಲ್ಲಿ ನಮ್ಮ ಪಾರ್ಕು ಇದೆಯೇ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು. ಹಳ್ಳಿಯಲ್ಲಾದರೆ ಗ್ರಾಮಸಭೆ ಇದೆ.

ಅನುದಾನ ಬಂದರೆ ಹುಲ್ಲುಹಾಸಿಗೆ ಸುರಿಯುವುದು ಬೇಡ. ಅದಕ್ಕೆ ದಿನಾ ನೀರು ಬೇಕು, ನಮ್ಮದು ಬರದ ಸೀಮೆ. ಹೊಂಗೆ, ಬೇವು, ಹುಣಸೆ, ಆಲ ಎರಡು ಮೂರು ಬೇಸಿಗೆ ದಾಟಿದರೆ ಆಮೇಲೆ ತಾವೇ ಬದುಕುತ್ತವೆ. ಆ ಎರಡು ಮೂರು ಬೇಸಿಗೆ ದಾಟಿಸಲು ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. ಕಟ್ಟೆಗೆ ಒಂದು ಮೀಟರು, ಒಂದು ಕೋಣೆ, ಒಂದು ಶೌಚಾಲಯ ಸಾಕು. ಉಳಿದದ್ದು ನಮ್ಮ ಕೈಯಲ್ಲಿದೆ. ತಿಂಗಳಿಗೊಂದು ಸಂಜೆ ಭಜನೆಯೋ, ಸೋಬಾನೆಯೋ, ಶಾಲೆ ಮಕ್ಕಳ ನಾಟಕವೋ, ಪೌರಾಣಿಕ ನಾಟಕದ ಒಂದು ಸೀನೋ ನಡೆಯಲಿ. ಜನ ಬರುವ ಜಾಗಕ್ಕೆ ಬೀಗ ಹಾಕುವುದು ಕಷ್ಟ.

ಶಿರಾದ ಖಾನ್ ಬಾಗ್ ಹೋದದ್ದು ಅಲ್ಲಿಯ ಜನರನ್ನು ಎಬ್ಬಿಸಿ ಸಾಗಿಸಿದ್ದರಿಂದ. ನಮ್ಮನ್ನು ಯಾರೂ ಎಬ್ಬಿಸಿಲ್ಲ. ನಾವು ಪಾರ್ಕಿನ ಪಕ್ಕದಲ್ಲೇ ಇದ್ದೇವೆ, ಒಳಗೆ ಹೋಗುವುದನ್ನು ಬಿಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ದೊಡ್ಡ ಯೋಜನೆ ಕೇಳುವ ಮೊದಲು ಒಂದು ಸಣ್ಣ ಪ್ರಶ್ನೆ ಕೇಳೋಣ: ಆ ಗೇಟಿನ ಕೀಲಿ ಯಾರ ಹತ್ತಿರ ಇದೆ?