ರಿಜೆಕ್ಟ್ ಆದ ಪೀಸ್‌ಗಳನ್ನಷ್ಟೇ ಅಳೆದರೆ...

ಪೀಣ್ಯದ ಯಾವುದಾದರೂ ಮೆಷಿನ್ ಶಾಪ್‌ಗೆ ಹೋಗಿ ನೋಡಿ. ಲೇತ್‌ನಿಂದ ಇಳಿದ ಪೀಸನ್ನು ವರ್ನಿಯರ್‌ನಲ್ಲಿ ಅಳೆದು, ಅಳತೆ ತಪ್ಪಿದ್ದನ್ನು ಪಕ್ಕದ ಡಬ್ಬಕ್ಕೆ ಹಾಕ್ತಾರೆ. ಈಗ ಒಬ್ಬ ಇನ್‌ಸ್ಪೆಕ್ಟರ್ ಬಂದು ಬರೀ ಆ ಡಬ್ಬದಲ್ಲಿರುವ ಪೀಸ್‌ಗಳನ್ನು ಅಳೆದು, "ಈ ಫ್ಯಾಕ್ಟರಿಯಲ್ಲಿ ತಯಾರಾಗೋದೆಲ್ಲ ಕಳಪೆ" ಅಂತ ವರದಿ ಬರೆದರೆ? ಐಟಿಐ ಮುಗಿಸಿ ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ನಗ್ತಾನೆ.

ಮನುಷ್ಯರು ಪೀಸ್‌ಗಳಲ್ಲ, ನಿಜ. ಆದರೆ ವೀಕ್ಷಕರೇ, ಸಲಿಂಗಿಗಳ ವಿಷಯದಲ್ಲಿ ಮನೋವೈದ್ಯಶಾಸ್ತ್ರ ಬಹುಕಾಲ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಆಸ್ಪತ್ರೆಗೆ ಬಂದವರನ್ನು, ಜೈಲಿನಲ್ಲಿದ್ದವರನ್ನು ಮಾತ್ರ ನೋಡಿ, ಇದೊಂದು ಕಾಯಿಲೆ ಅಂತ ಬರೆದಿಟ್ಟಿತು.

ಆ ತಪ್ಪನ್ನು ಹಿಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್. ಚಿಕಿತ್ಸೆಯಲ್ಲಿ ಇಲ್ಲದ 30 ಸಲಿಂಗಿ ಪುರುಷರನ್ನೂ 30 ಇತರ ಪುರುಷರನ್ನೂ ಅವರು ಪರೀಕ್ಷಿಸಿದರು. ಯಾರು ಯಾರೆಂದು ಹೇಳದೆ ಫಲಿತಾಂಶವನ್ನು ಪರಿಣತರ ಮುಂದಿಟ್ಟರು. ಅವರಿಗೆ ವ್ಯತ್ಯಾಸ ಗುರುತಿಸಲು ಆಗಲೇ ಇಲ್ಲ. ಇದು ಪ್ರಕಟವಾಗಿದ್ದು 1957ರಲ್ಲಿ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತೆಗೆಯಿತು.

ನಮ್ಮಲ್ಲಿ? ಬೆಂಗಳೂರಲ್ಲಿ ಹುಟ್ಟಿದ ಶಕುಂತಲಾ ದೇವಿ ನಿಮಗೆ ಗೊತ್ತು. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದವರು. ಅದೇ 1977ರಲ್ಲಿ ಅವರು 'ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್' ಎಂಬ ಪುಸ್ತಕ ಬರೆದರು. 1860ರ ದಂಡಸಂಹಿತೆಯ 377ನೇ ಸೆಕ್ಷನ್ ಜಾರಿಯಲ್ಲಿದ್ದ ಕಾಲ ಅದು. ಇವರಿಗೆ ಕನಿಕರ ಬೇಡ, ಪೂರ್ತಿ ಒಪ್ಪಿಕೊಳ್ಳಿ ಅಂತ ಅವರು ವಾದಿಸಿದರು. ಕಂಪ್ಯೂಟರ್ ಊರು ಅಂತ ಬೀಗುವ ನಾವು ಅವರ ಲೆಕ್ಕವನ್ನು ನೆನಪಿಟ್ಟುಕೊಂಡೆವು, ಪುಸ್ತಕವನ್ನು ಮರೆತೆವು.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಅಪ್ಪ ಅಮ್ಮಂದಿರು ಕೇಳೋದು ಎರಡೇ ಪ್ರಶ್ನೆ. ಮೊದಲನೆಯದು, "ನಾವು ಬೆಳೆಸಿದ್ದರಲ್ಲಿ ತಪ್ಪಾಯ್ತಾ?" ಹಾಗೆನ್ನಲು ಪುರಾವೆ ಇಲ್ಲ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, 4.7 ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ಅಧ್ಯಯನ ಹೇಳಿದ್ದಿಷ್ಟು: ಇದನ್ನು ನಿರ್ಧರಿಸುವ ಒಂದೇ ಒಂದು ಜೀನ್ ಅಂತಿಲ್ಲ. ಅನೇಕ ಜೀನ್‌ಗಳದ್ದು ಚಿಕ್ಕ ಚಿಕ್ಕ ಪಾಲಿದೆ, ಜೀನ್‌ಗಳಷ್ಟೇ ಕಾರಣವೂ ಅಲ್ಲ.

ಎರಡನೆಯದು, "ಸರ್, ಟ್ರೀಟ್‌ಮೆಂಟ್ ಇದೆಯಾ?" ಕಾಯಿಲೆಯೇ ಅಲ್ಲದ್ದಕ್ಕೆ ಟ್ರೀಟ್‌ಮೆಂಟ್ ಎಲ್ಲಿಂದ ಬರಬೇಕು? 2018ರ ಜುಲೈನಲ್ಲಿ ಭಾರತೀಯ ಮನೋವೈದ್ಯರ ಸಂಘದ ಅಧ್ಯಕ್ಷರಾಗಿದ್ದ ಬೆಂಗಳೂರಿನ ಡಾ. ಅಜಿತ್ ಭಿಡೆ ಇದನ್ನು ಕಾಯಿಲೆಯಂತೆ ನೋಡೋದನ್ನು ನಿಲ್ಲಿಸಿ ಎಂದರು. ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. 2021ರ ಮದ್ರಾಸ್ ಹೈಕೋರ್ಟ್ ಆದೇಶದ ಹಿನ್ನೆಲೆಯಲ್ಲಿ, ಒಲವನ್ನು 'ಬದಲಿಸುವ' ಚಿಕಿತ್ಸೆ ಕೊಡೋದು ವೈದ್ಯರ ವೃತ್ತಿ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿತು.

ಲಿಂಗತ್ವದ ಗುರುತು ಬೇರೆ ವಿಷಯ. ಯಾರ ಮೇಲೆ ಒಲವು ಅನ್ನೋದಲ್ಲ, ನಾನು ಯಾರು ಅನ್ನೋ ಪ್ರಶ್ನೆ ಅದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಹೊಸ ಪಟ್ಟಿ ಅದನ್ನೂ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿತು. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದೇ.

ಜೂನ್ ಬಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಲ್ಲಿ ಕಾಮನಬಿಲ್ಲಿನ ಪೋಸ್ಟರ್ ಕಾಣುತ್ತೆ. ಒಳ್ಳೆಯದೇ. ಆದರೆ ಕಂಪನಿ ಪಾಲಿಸಿ ಗೇಟಿನವರೆಗೆ ಮಾತ್ರ. ಸಂಜೆ ಕ್ಯಾಬ್ ಇಳಿದು ಮನೆಗೆ ಹೋಗುವ ಹುಡುಗನಿಗೆ, ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಸ್ ಹತ್ತುವ ಹುಡುಗಿಗೆ ಬೇಕಾಗಿರೋದು ಮನೆಯೊಳಗಿನ ಮಾತು.

ಹಳೇ ವರದಿಯನ್ನು ಬರೆದವರೇ ವಾಪಸ್ ತಗೊಂಡಿದ್ದಾರೆ. ಅದನ್ನು ಹಿಡಿದುಕೊಂಡು ನಿಮ್ಮ ಮಗುವನ್ನು ರಿಪೇರಿಗೆ ಕರ್ಕೊಂಡು ಹೋಗಬೇಡಿ.