ಅನುತ್ತೀರ್ಣರು ಬರೆದ ಪುಸ್ತಕ

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನವೇ ನಮ್ಮ ಶಾಲೆಗಳ ಹೆಬ್ಬಾಗಿಲಲ್ಲಿ ದೊಡ್ಡದೊಂದು ಬ್ಯಾನರ್ ಮೇಲೇರುವುದನ್ನು ತಾವು ಕಂಡಿದ್ದೀರಿ. ಅದರಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳ ನಗುಮುಖಗಳು, ಅವುಗಳ ಕೆಳಗೆ ಅಂಕಗಳು, ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರಗಳಲ್ಲಿ ‘ಶೇಕಡಾ 100 ಫಲಿತಾಂಶ’. ದುಡಿದು ಓದಿದ ಮಕ್ಕಳನ್ನು ಗೌರವಿಸುವುದು ತಪ್ಪಲ್ಲ. ಆದರೆ ಆ ಬ್ಯಾನರಿನ ಮುಂದೆ ನಿಂತಾಗಲೆಲ್ಲ ನನಗೆ ದೂರದ ಇಟಲಿ ದೇಶದ ಒಂದು ಬೆಟ್ಟದ ಶಾಲೆ ನೆನಪಾಗುತ್ತದೆ. ಆ ಶಾಲೆಯ ಮಕ್ಕಳೂ ಒಂದು ಸಾಧನೆ ಮಾಡಿದರು. ಆದರೆ ಅದು ಪರೀಕ್ಷೆಯಲ್ಲಿ ಗೆದ್ದವರ ಸಾಧನೆಯಲ್ಲ, ಸೋತವರ ಸಾಧನೆ. ಆ ಕಥೆಯನ್ನು ಇಂದು ತಮ್ಮೊಡನೆ ಹಂಚಿಕೊಳ್ಳಲು ಬಯಸುತ್ತೇನೆ.

ಫ್ಲಾರೆನ್ಸ್ ನಗರದ ಈಶಾನ್ಯಕ್ಕೆ ಮುಜೆಲ್ಲೊ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿನ ವಿಕ್ಕಿಯೊ ಪಟ್ಟಣದ ಸುತ್ತಲ ಸೀಮೆ ಜೊತ್ತೊ, ಫ್ರಾ ಆಂಜೆಲಿಕೊ ಮೊದಲಾದ ಮಹಾನ್ ಚಿತ್ರಕಾರರ ಜನ್ಮಭೂಮಿ. ಆ ಪಟ್ಟಣದಿಂದ ಮೇಲಕ್ಕೆ ಜೋವಿ ಬೆಟ್ಟದ ಮಗ್ಗುಲಲ್ಲಿ ಬಾರ್ಬಿಯಾನ ಎಂಬ ಸ್ಥಳ. ಅದನ್ನು ಊರು ಎನ್ನುವಂತಿಲ್ಲ. ಒಂದು ಹಳೆಯ ದೇವಾಲಯ, ಗುರುಗಳ ಮನೆ, ಪುಟ್ಟ ಸ್ಮಶಾನ, ಕಾಡಿನ ನಡುವೆ ಚದುರಿ ನಿಂತ ರೈತರ ಮನೆಗಳು, ಇಷ್ಟೇ. 1954ರ ಡಿಸೆಂಬರಿನಲ್ಲಿ ಲೊರೆಂಜೊ ಮಿಲಾನಿ ಎಂಬ 31 ವರ್ಷದ ಧರ್ಮಗುರು ಅಲ್ಲಿಗೆ ವರ್ಗವಾಗಿ ಬಂದರು. ಆಗ ಅಲ್ಲಿ ರಸ್ತೆಯಿರಲಿಲ್ಲ, ವಿದ್ಯುತ್ತಿರಲಿಲ್ಲ, ನಲ್ಲಿಯ ನೀರಿರಲಿಲ್ಲ.

ಮಿಲಾನಿ ಸ್ವಾಮಿಯವರು ಬಡವರ ಮನೆಯ ಮಗನಲ್ಲ. 1923ರ ಮೇ 27ರಂದು ಫ್ಲಾರೆನ್ಸಿನ ಸಿರಿವಂತ, ವಿದ್ಯಾವಂತ ಕುಟುಂಬದಲ್ಲಿ ಜನಿಸಿದವರು. ತಾಯಿ ಯೆಹೂದ್ಯ ಮೂಲದವರು. ಮನೆಯಲ್ಲಿ ಧರ್ಮಾಚರಣೆಯಿರಲಿಲ್ಲ. ಚಿತ್ರಕಲೆ ಕಲಿಯುತ್ತಿದ್ದ ಯುವಕ 20ನೆಯ ವಯಸ್ಸಿನಲ್ಲಿ ದೇವರ ಕರೆಗೆ ಓಗೊಟ್ಟು ಗುರುಮಠ ಸೇರಿದರು. 1947ರಲ್ಲಿ ಗುರುದೀಕ್ಷೆ ಪಡೆದರು. ಮೊದಲ ಸೇವೆ ಕಲೆಂಜಾನೊ ಎಂಬಲ್ಲಿ. ಅಲ್ಲಿ ಗಿರಣಿ ಕಾರ್ಮಿಕರಿಗಾಗಿ ಅವರು ನಡೆಸಿದ ರಾತ್ರಿಶಾಲೆಗೆ ಪೂಜೆಗೆ ಬರುವವರೂ ಬಂದರು, ದೇವಾಲಯದ ಮೆಟ್ಟಿಲು ಹತ್ತದ ಕಮ್ಯುನಿಸ್ಟರೂ ಬಂದರು. ಅವರ ಮುಚ್ಚುಮರೆಯಿಲ್ಲದ ಮಾತು ಹಲವರಿಗೆ ಹಿಡಿಸಲಿಲ್ಲ. ಮುಚ್ಚಬೇಕೆಂದಿದ್ದ ಬಾರ್ಬಿಯಾನ ಧರ್ಮಕೇಂದ್ರಕ್ಕೆ ಅವರನ್ನು ಕಳುಹಿಸಿದ್ದು ಒಂದು ಬಗೆಯ ಗಡೀಪಾರೇ ಆಗಿತ್ತು. ಅವರು ಅಲ್ಲಿಗೆ ಬಂದೊಡನೆ ಮಾಡಿದ ಕೆಲಸಗಳಲ್ಲಿ ಒಂದನ್ನು ಕೇಳಿದರೆ ತಮಗೆ ಅಚ್ಚರಿಯಾದೀತು: ಅಲ್ಲಿನ ಸ್ಮಶಾನದಲ್ಲಿ ತಮ್ಮ ಸಮಾಧಿಗೆಂದು ಜಾಗವನ್ನು ಕೊಂಡರು. ತಮ್ಮನ್ನು ಒಪ್ಪಿಸಿದ ಆ ಕೆಲವೇ ಜನರಿಗೆ ಸಾಯುವವರೆಗೂ ತಾವು ಸೇರಿದವರು ಎಂಬುದು ಅದರ ಅರ್ಥ.

ಆ ಬೆಟ್ಟದ ಮಕ್ಕಳು ಐದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕುಳಿತು, ಬಳಿಕ ಕುರಿ ಕಾಯಲು ಹೋಗುತ್ತಿದ್ದರು. ಮುಂದಿನ ಶಾಲೆ ಇದ್ದುದು ಕೆಳಗಿನ ಪಟ್ಟಣದಲ್ಲಿ. ಅಲ್ಲಿಗೆ ಹೋದವರೂ ಒಂದೆರಡು ಬಾರಿ ಅನುತ್ತೀರ್ಣರಾಗಿ ಹಿಂದಿರುಗುತ್ತಿದ್ದರು. 1956ರಲ್ಲಿ ಮಿಲಾನಿ ಸ್ವಾಮಿಯವರು ಆರು ಮಂದಿ ಹುಡುಗರನ್ನು ತಮ್ಮ ಮನೆಯ ಕೋಣೆಯಲ್ಲಿ ಕೂರಿಸಿಕೊಂಡು ಪ್ರೌಢಹಂತದ ಪಾಠಗಳನ್ನು ಆರಂಭಿಸಿದರು. ಅದೇ ಬಾರ್ಬಿಯಾನ ಶಾಲೆ.

ಆ ಶಾಲೆಯ ದಿನಚರಿಯನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ದಿನಕ್ಕೆ ಸುಮಾರು 12 ಗಂಟೆ ಪಾಠ, ವರ್ಷದ 365 ದಿನವೂ ಶಾಲೆ. ಗಂಟೆಯಿಲ್ಲ, ಅಂಕಪಟ್ಟಿಯಿಲ್ಲ, ರಜೆಯಿಲ್ಲ. ಕುಳಿತುಕೊಳ್ಳುವ ಮೇಜು ಕುರ್ಚಿಗಳನ್ನು ಹುಡುಗರೇ ಮರ ಕೊಯ್ದು ಮಾಡಿದ್ದರು. ಗೋಡೆಗಳ ಮೇಲೆ ಅವರೇ ಬರೆದ ಭೂಪಟಗಳು, ಚುನಾವಣೆಯ ಫಲಿತಾಂಶಗಳ ಪಟ್ಟಿಗಳು. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಅರ್ಥವಾಗದ ಪ್ರತಿ ಪದದ ಬೇರನ್ನು ಹುಡುಕಿದ ಮೇಲೆಯೇ ಮುಂದಿನ ಸಾಲು. ಬೆಟ್ಟದ ಮಕ್ಕಳಿಗೆ ನೀರೆಂದರೆ ಭಯ. ಆ ಭಯವನ್ನು ಹೋಗಲಾಡಿಸಲು ಎಲ್ಲರೂ ಸೇರಿ ಒಂದು ಸಣ್ಣ ಈಜುಕೊಳವನ್ನೇ ಕಟ್ಟಿದರು. ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ, ಪುಸ್ತಕದಲ್ಲಿ ಮುಖವಿಟ್ಟು ಓದುತ್ತಿರುವ ಒಬ್ಬ ಸಂತನ ಚಿತ್ರವನ್ನು ರಚಿಸಿದರು. ‘ವಿದ್ಯಾರ್ಥಿ ಸಂತ’ ಎಂದು ಅದಕ್ಕೆ ಹೆಸರು.

ಗುರುಗಳು ಒಬ್ಬರೇ. ಆದ್ದರಿಂದ ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ತರಗತಿಯಲ್ಲಿ ಒಬ್ಬನಿಗೆ ಅರ್ಥವಾಗದಿದ್ದರೆ ಉಳಿದವರೆಲ್ಲರೂ ಅವನಿಗಾಗಿ ಕಾಯಬೇಕು. ತೀರ ಹಿಂದುಳಿದವನೇ ಆ ಶಾಲೆಯ ಮೊದಲನೆಯ ವಿದ್ಯಾರ್ಥಿ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರಿಗಾಹಿಯ ಸಾಮತಿಯನ್ನು ನಾವು ಬೋಧಿಸುತ್ತೇವೆ. ಬಾರ್ಬಿಯಾನದಲ್ಲಿ ಅದೇ ವೇಳಾಪಟ್ಟಿಯಾಗಿತ್ತು. ಶಾಲೆಯ ಗೋಡೆಯ ಮೇಲೆ ಆಂಗ್ಲ ಭಾಷೆಯ ಎರಡು ಪದಗಳಿದ್ದವು: ‘ಐ ಕೇರ್’. ನನಗೆ ಇದರ ಕಾಳಜಿಯಿದೆ, ಇದು ನನ್ನ ಹೊಣೆ ಎಂಬುದು ಅದರ ಭಾವ. ‘ನನಗೇನಂತೆ’ ಎಂದು ಮೆರೆದ ಫ್ಯಾಸಿಸ್ಟರ ಘೋಷಣೆಗೆ ಅದು ನೇರವಾದ ಉತ್ತರ. ಈ ಹುಡುಗರೇ ಹದಿಹರೆಯದಲ್ಲಿ ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್ ದೇಶಗಳಿಗೆ ಹೋಗಿ, ಕೂಲಿ ಮಾಡಿ, ಅಲ್ಲಿನ ಭಾಷೆಗಳನ್ನು ಕಲಿತು ಬಂದರು.

ಈಗ ಪುಸ್ತಕದ ಕಥೆಗೆ ಬರೋಣ. 1962ರ ಕೊನೆಯಲ್ಲಿ ಇಟಲಿ ಸರಕಾರವು 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಮಾಧ್ಯಮಿಕ ಶಾಲೆಯನ್ನು ಕಾನೂನಿನ ಮೂಲಕ ಜಾರಿಗೆ ತಂದಿತು. ಬಾಗಿಲೇನೋ ಎಲ್ಲರಿಗೂ ತೆರೆಯಿತು; ಆದರೆ ಅನುತ್ತೀರ್ಣಗೊಳಿಸುವ ಪದ್ಧತಿ ಹಾಗೆಯೇ ಉಳಿಯಿತು. ಬಾರ್ಬಿಯಾನದ ಇಬ್ಬರು ಹುಡುಗರು ಶಿಕ್ಷಕರಾಗಬೇಕೆಂಬ ಹಂಬಲದಿಂದ ತರಬೇತಿ ಶಾಲೆಗೆ ಸೇರಿ ಅಲ್ಲಿ ಅನುತ್ತೀರ್ಣರಾದರು. ಅವರು ಅಳುತ್ತಾ ಕೂರಲಿಲ್ಲ. ಎಂಟು ಮಂದಿ ಹುಡುಗರು ಒಟ್ಟಾಗಿ, ತಮ್ಮವರನ್ನು ಅನುತ್ತೀರ್ಣಗೊಳಿಸಿದ ಅಧ್ಯಾಪಕಿಗೆ ಒಂದು ಪತ್ರ ಬರೆಯಲು ಕುಳಿತರು.

ಅವರು ಬರೆದ ವಿಧಾನವೇ ಒಂದು ಪಾಠ. ಪ್ರತಿಯೊಬ್ಬನ ಬಳಿಯೂ ಚೀಟಿಗಳು. ಮನಸ್ಸಿಗೆ ಹೊಳೆದ ಒಂದೊಂದು ವಿಚಾರಕ್ಕೂ ಒಂದೊಂದು ಚೀಟಿ. ಅನಂತರ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಒಂದೇ ವಿಷಯದ ಚೀಟಿಗಳನ್ನು ಒಟ್ಟುಗೂಡಿಸಿ ಅಧ್ಯಾಯಗಳನ್ನು ಮಾಡಿದರು. ಎರಡು ಬಾರಿ ಬಂದದ್ದನ್ನು ತೆಗೆದರು, ಅನಗತ್ಯ ವಿಶೇಷಣಗಳನ್ನು ಹೊಡೆದರು, ಉದ್ದನೆಯ ವಾಕ್ಯಗಳನ್ನು ಮುರಿದರು. ಹೊರಗಿನವರಿಗೆ ಓದಿ ಹೇಳಿ, ಅರ್ಥವಾಗದ ಕಡೆ ತಿದ್ದಿದರು. ಜೊತೆಗೆ ಸರಕಾರದ ಅಂಕಿ ಅಂಶಗಳನ್ನು, ಶಾಲಾ ದಾಖಲೆಗಳನ್ನು ಶೋಧಿಸಿ, ಅನುತ್ತೀರ್ಣರಾಗುವವರು ಯಾರ ಮಕ್ಕಳು ಎಂದು ಲೆಕ್ಕ ಹಾಕಿದರು. ರೈತರ, ಕೂಲಿಕಾರರ ಮಕ್ಕಳೇ ಹೆಚ್ಚಾಗಿ ಹೊರಬೀಳುತ್ತಿದ್ದಾರೆ ಎಂಬುದು ಪಟ್ಟಿಗಳಿಂದ ಸ್ಪಷ್ಟವಾಯಿತು. ದೇವರು ಬಡವರ ಮನೆಗಳಲ್ಲಿ ಮಾತ್ರ ದಡ್ಡರನ್ನು ಹುಟ್ಟಿಸುತ್ತಾನೆಂದು ಯಾರೂ ಹೇಳಲಾರರು. ಹಾಗಾದರೆ ದೋಷ ಶಾಲೆಯದೇ ಎಂಬುದು ಅವರ ವಾದದ ತಿರುಳು. ದೂರುವುದಷ್ಟಕ್ಕೇ ಅವರು ನಿಲ್ಲಲಿಲ್ಲ. ಯಾರನ್ನೂ ಅನುತ್ತೀರ್ಣಗೊಳಿಸಬೇಡಿ, ನಿಧಾನವಾಗಿ ಕಲಿಯುವವರಿಗೆ ಇಡೀ ದಿನದ ಶಾಲೆ ಕೊಡಿ, ಆಸಕ್ತಿಯಿಲ್ಲದವರಿಗೆ ಬಾಳಿನಲ್ಲಿ ಒಂದು ಗುರಿ ಕೊಡಿ ಎಂದು ಮೂರು ಸುಧಾರಣೆಗಳನ್ನೂ ಮುಂದಿಟ್ಟರು.

‘ಅಧ್ಯಾಪಕಿಗೊಂದು ಪತ್ರ’ ಎಂಬ ಅರ್ಥದ ಶೀರ್ಷಿಕೆಯೊಂದಿಗೆ ಅದು 1967ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಲೇಖಕರ ಹೆಸರಿನ ಜಾಗದಲ್ಲಿ ‘ಬಾರ್ಬಿಯಾನ ಶಾಲೆ’ ಎಂದಷ್ಟೇ ಇತ್ತು. ಅದರ ಅಂಕಿ ಅಂಶಗಳ ಭಾಗಕ್ಕಾಗಿ ಇಟಲಿಯ ಭೌತಶಾಸ್ತ್ರ ಸಂಘವು ವಿಶೇಷ ಬಹುಮಾನವನ್ನಿತ್ತು ಗೌರವಿಸಿತು. ಪುಸ್ತಕ ಹಲವಾರು ಭಾಷೆಗಳಿಗೆ ಅನುವಾದಗೊಂಡಿತು. 1971ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಪೂರ್ಣಾವಧಿ ತರಗತಿಗಳಿಗೆ ಕಾನೂನು ಅವಕಾಶ ನೀಡಿದಾಗ, ಆ ಚರ್ಚೆಯ ಹಿನ್ನೆಲೆಯಲ್ಲಿ ಬಾರ್ಬಿಯಾನದ ದನಿಯೂ ಇತ್ತು.

ಮಿಲಾನಿ ಸ್ವಾಮಿಯವರು ಇದಾವುದನ್ನೂ ಕಾಣಲಿಲ್ಲ. ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಿಂದ ವರ್ಷಗಟ್ಟಲೆ ನರಳಿ, ಪುಸ್ತಕ ಹೊರಬಂದ ಮರು ತಿಂಗಳು, 1967ರ ಜೂನ್ 26ರಂದು, 44ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾವು ಕೊಂಡಿದ್ದ ಆ ಜಾಗದಲ್ಲಿಯೇ ಮಣ್ಣಾದರು. ಅವರ ‘ಪಾಲನಾ ಅನುಭವಗಳು’ ಎಂಬ ಪುಸ್ತಕವನ್ನು 1958ರಲ್ಲಿ ಧರ್ಮಸಭೆಯ ಅಧಿಕಾರಿಗಳೇ ಮಾರಾಟದಿಂದ ಹಿಂತೆಗೆಸಿದ್ದರು. 2014ರಲ್ಲಿ ಆ ನಿರ್ಬಂಧ ತೆರವಾಯಿತು. 2017ರ ಜೂನ್ 20ರಂದು ಜಗದ್ಗುರು ಫ್ರಾನ್ಸಿಸರು ಬೆಟ್ಟವೇರಿ ಬಂದು ಆ ಸಮಾಧಿಯ ಮುಂದೆ ಪ್ರಾರ್ಥಿಸಿದರು. ಗುರುಗಳ ಮನೆಯಲ್ಲೇ ಬೆಳೆದ ಮಿಕೆಲೆ ಜೆಸುವಾಲ್ದಿ ಎಂಬ ವಿದ್ಯಾರ್ಥಿ ಕಾರ್ಮಿಕ ಸಂಘಟನೆಯಲ್ಲಿ ದುಡಿದು, 1995ರಿಂದ 2004ರವರೆಗೆ ಫ್ಲಾರೆನ್ಸ್ ಪ್ರಾಂತ್ಯದ ಅಧ್ಯಕ್ಷರಾಗಿದ್ದರು.

ಬಾರ್ಬಿಯಾನವನ್ನು ಹಾಗೆಯೇ ಅನುಕರಿಸಿರೆಂದು ನಾನು ಹೇಳುತ್ತಿಲ್ಲ. ಆಟಕ್ಕೆ ಎಡೆಗೊಡದ ಆ ಕಟ್ಟುನಿಟ್ಟು, ಗುರುಗಳ ಮುಂಗೋಪ, ಹೆಣ್ಣುಮಕ್ಕಳ ವಿರಳ ಸಂಖ್ಯೆ, ಇವೆಲ್ಲ ಅದರ ಕೊರತೆಗಳು. ಎಲ್ಲರನ್ನೂ ಸುಮ್ಮನೆ ಮುಂದಿನ ತರಗತಿಗೆ ತಳ್ಳಿದರೆ ವಿದ್ಯೆ ಬರುವುದೂ ಇಲ್ಲ. ನಮ್ಮ ದೇಶದಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ತರಗತಿಯವರೆಗೆ ಅನುತ್ತೀರ್ಣಗೊಳಿಸುವುದನ್ನು ನಿಷೇಧಿಸಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಮತ್ತೆ ಅದಕ್ಕೆ ಅವಕಾಶ ಕೊಟ್ಟಿತು. ಬಾರ್ಬಿಯಾನದ ಹುಡುಗರು ಕೇಳಿದ್ದು ತೇರ್ಗಡೆಯನ್ನಷ್ಟೇ ಅಲ್ಲ, ತಮಗಾಗಿ ಹೆಚ್ಚು ಹೊತ್ತನ್ನು. ಕಾಯಿದೆಯ ವಾದವಿವಾದದಲ್ಲಿ ನಾವು ಮರೆಯುವುದು ಅದನ್ನೇ.

ಕೊನೆಗೆ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಬೇಕು. ಬಹಳ ವರ್ಷಗಳ ಹಿಂದೆ ನಾನು ಒಂದು ಪ್ರೌಢಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹತ್ತರಲ್ಲಿ ಖಂಡಿತ ಅನುತ್ತೀರ್ಣನಾಗುತ್ತಾನೆ, ಶಾಲೆಯ ಫಲಿತಾಂಶಕ್ಕೆ ಕುಂದು ಬರುತ್ತದೆ ಎಂಬ ಸಲಹೆ ಬಂದಾಗ, ಅವನ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದವನು ನಾನೇ. ಕೂಲಿಗೆ ಹೋಗುತ್ತಿದ್ದ ಅವನ ತಾಯಿ ಪತ್ರವನ್ನು ಸೆರಗಿನಲ್ಲಿ ಹಿಡಿದು, “ಸ್ವಾಮಿ, ಓದು ಬರೋದಿಲ್ಲ ಅಂತಲೇ ಅಲ್ವೇ ಇವನನ್ನ ಸ್ಕೂಲಿಗೆ ಕಳಿಸಿದ್ದು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರು ವರ್ಷ ನಮಗೆ ಶೇಕಡಾ 100 ಫಲಿತಾಂಶ ಬಂತು, ಬ್ಯಾನರೂ ಏರಿತು. ಆ ಹುಡುಗ ಬೇರೆ ಯಾವ ಶಾಲೆಗೂ ಸೇರಲಿಲ್ಲವೆಂದು ಅನಂತರ ತಿಳಿಯಿತು.

ಆದ್ದರಿಂದ ಓದುಗರೇ, ಮುಂದಿನ ಬಾರಿ ನಮ್ಮ ಶಾಲೆಯ ಬ್ಯಾನರನ್ನು ನೋಡಿದಾಗ ಮಕ್ಕಳಿಗೆ ಮನಸಾರೆ ಅಭಿನಂದನೆ ಹೇಳಿ. ಬಳಿಕ ಒಳಗೆ ಹೋಗಿ ಒಂದು ಪ್ರಶ್ನೆ ಕೇಳಿ: ಈ ಮಕ್ಕಳ ಜೊತೆ ಎಂಟನೆಯ ತರಗತಿಗೆ ಸೇರಿದವರು ಎಷ್ಟು ಮಂದಿ, ಅವರೆಲ್ಲರೂ ಈಗ ಎಲ್ಲಿದ್ದಾರೆ? ಕೇಳುವ ಹಕ್ಕು ತಮಗಿದೆ. ಉತ್ತರಿಸುವ ಹೊಣೆ ನಮ್ಮಂಥವರದು.