ಕೃಪೆ (ಕ್ರೈಸ್ತ ದೇವತಾಶಾಸ್ತ್ರ)

ಕೃಪೆ: ಅರ್ಹತೆಯನ್ನು ಎಣಿಸದೆ ದೇವರು ಮನುಷ್ಯನಿಗೆ ತೋರುವ ಉಚಿತ ಅನುಗ್ರಹ, ಕ್ರೈಸ್ತ ನಂಬಿಕೆಯ ಕೇಂದ್ರ ಪರಿಕಲ್ಪನೆ. ಪಾಪದಿಂದ ಬಿಡುಗಡೆ ಸತ್ಕಾರ್ಯಕ್ಕೆ ಸಲ್ಲುವ ಕೂಲಿಯಲ್ಲ, ಯೇಸು ಕ್ರಿಸ್ತನ ಮೂಲಕ ದೊರೆಯುವ ದಾನ ಎಂಬುದು ಪೌಲನ ಪತ್ರಗಳ ಬೋಧನೆ. ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಸಾಮತಿ ಇದರ ಪ್ರಸಿದ್ಧ ನಿದರ್ಶನ: ಆಸ್ತಿ ಹಾಳುಮಾಡಿ ಮರಳಿದ ಮಗನನ್ನು ತಂದೆ ಲೆಕ್ಕ ಕೇಳದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಕೃಪೆಯ ವಿಸ್ಮಯವಿರುವುದು ಇಲ್ಲಿಯೇ.

ಮನುಷ್ಯ ಸ್ವಂತ ಸಂಕಲ್ಪದಿಂದಲೇ ಒಳ್ಳೆಯವನಾಗಬಲ್ಲನೆಂಬ ಪೆಲಾಜಿಯಸನ ವಾದವನ್ನು ಅಗಸ್ಟೀನ್ (354–430) ವಿರೋಧಿಸಿದ. 418ರ ಕಾರ್ಥೇಜ್ ಸಭೆ ಆ ವಾದವನ್ನು ತಿರಸ್ಕರಿಸಿತು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಕೃಪೆಯಿಂದ, ನಂಬಿಕೆಯ ಮೂಲಕವೇ ರಕ್ಷಣೆ ಎಂದು ಸಾರಿದ. ಕೃಪೆಯೇ ಮೊದಲು, ಆದರೆ ಮನುಷ್ಯ ಅದರೊಡನೆ ಸಹಕರಿಸಬೇಕು ಎಂದು ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ನಿರ್ಣಯಿಸಿತು. ಕಥೋಲಿಕರು ಮತ್ತು ಲೂಥರನ್ನರು ಈ ಕುರಿತ ಮೂಲಭೂತ ಸಹಮತಕ್ಕೆ 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿದರು.

ಕರ್ನಾಟಕದಲ್ಲಿ ಕಥೋಲಿಕ, ಪ್ರೊಟೆಸ್ಟೆಂಟ್ ಎಂಬ ಎರಡು ಧಾರೆಗಳೂ ಇವೆ. ಕರಾವಳಿಯ ಕಥೋಲಿಕ ಪರಂಪರೆಯಲ್ಲಿ ಜ್ಞಾನಸ್ನಾನ, ಪರಮಪ್ರಸಾದ ಮೊದಲಾದ ಏಳು ಸಂಸ್ಕಾರಗಳು ಕೃಪೆಯ ವಾಹಕಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪ್ರೊಟೆಸ್ಟೆಂಟ್ ಬೋಧನೆಯನ್ನು ತಂದಿತು. ಅದರ ಮಿಷನರಿ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡ ಪದ್ಯಕ್ಕೆ ಅಳವಡಿಸಿದ. ಸತ್ಕಾರ್ಯವು ಕೃಪೆಯ ಬೆಲೆಯಲ್ಲ, ಫಲ ಎಂಬಲ್ಲಿ ಪ್ರೊಟೆಸ್ಟೆಂಟ್ ಬೋಧನೆಯ ಒತ್ತು.